ಒದ್ದೆ ಫಿಲಂ ಹಿಡಿದು ಆಡಿದ ಮಾತು

ಈ ಸಂಗತಿಯನ್ನು ಹೇಳುವುದನ್ನು ನಾನು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಎಕ್ಸ್‌ರೇ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಏನಾದರೂ ಬರೆದುಕೊಡಿ ಎಂದು ಹಳೆಯ ಸಹೋದ್ಯೋಗಿಗಳು ಕೇಳಿದಾಗ ಎರಡು ಸಲ ಬರೆದೂ ಕೊಟ್ಟೆ. ಒಂದರಲ್ಲಿ ಕತ್ತಲೆ ಕೋಣೆಯ ವಿಚಾರ, ಇನ್ನೊಂದರಲ್ಲಿ ಹಳೆಯ ಯಂತ್ರಗಳ ವಿಚಾರ. ಓದಿದವರು ಚೆನ್ನಾಗಿದೆ ಎಂದರು. ಹೇಳಲೇಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಬರಹ ಚೆನ್ನಾಗಿಯೇ ಇರುತ್ತದೆ. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ನನ್ನ ತಪ್ಪು ನಡೆದದ್ದು ಕನ್ನಡದಲ್ಲಿ.

ನಾನು ಕುಂಬಳೆಯ ಕಡೆಯವನು. ಹೈಸ್ಕೂಲು ಮುಗಿಸಿ, ಮುಂದೆ ಓದುವ ಮನಸ್ಸೂ ಅನುಕೂಲವೂ ಇಲ್ಲದೆ, ಸಂಬಂಧಿಕರೊಬ್ಬರ ಶಿಫಾರಸಿನಿಂದ ಕೊಚ್ಚಿಗೆ ಬಂದು ಕಲೂರಿನ ಒಂದು ಮೂಳೆ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಸಹಾಯಕನಾಗಿ ಸೇರಿದೆ. ಡಿಪ್ಲೊಮಾ ಇರಬೇಕೆಂಬ ಕಟ್ಟುನಿಟ್ಟು ಆಗ ಸಣ್ಣ ಆಸ್ಪತ್ರೆಗಳಲ್ಲಿ ಇರಲಿಲ್ಲ. ನೋಡುತ್ತ ನೋಡುತ್ತ ಕಲಿತೆ. ಕಲಿಸಿದವರು ವರ್ಗೀಸ್ ಚೇಟ್ಟನ್. ಚೇಟ್ಟನ್ ಎಂದರೆ ಅಣ್ಣ; ಅಲ್ಲಿ ತನಗಿಂತ ಹಿರಿಯ ಗಂಡಸರನ್ನೆಲ್ಲ ಹಾಗೆಯೇ ಕರೆಯುವುದು. ಚೇಟ್ಟನ್ನರ ಬೆರಳ ತುದಿಗಳು ರಾಸಾಯನಿಕದಲ್ಲಿ ಅದ್ದಿ ಅದ್ದಿ ಕಂದು ಬಣ್ಣಕ್ಕೆ ತಿರುಗಿದ್ದವು. ಊಟದ ಹೊತ್ತಿಗೆ ಅವರು ಎಷ್ಟು ಸೋಪು ಹಾಕಿ ತೊಳೆದರೂ ಕೈಯಿಂದ ಹುಳಿ ವಾಸನೆ ಬರುತ್ತಿತ್ತು.

ಇಂದಿನವರಿಗೆ ಆ ಕೆಲಸದ ಅಂದಾಜು ಇರಲಾರದು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಉಸಿರು ಹಿಡಿಯಿರಿ ಎಂದು ಹೇಳಿ ಗುಂಡಿ ಒತ್ತಿದ ಮೇಲೆ, ಫಿಲಂ ಇರುವ ಚಪ್ಪಟೆ ಪೆಟ್ಟಿಗೆಯನ್ನು, ಅಂದರೆ ಕ್ಯಾಸೆಟ್ಟನ್ನು, ಎತ್ತಿಕೊಂಡು ಕತ್ತಲೆ ಕೋಣೆಗೆ ಓಡಬೇಕು. ಕೆಂಪು ದೀಪದ ಬೆಳಕಿನಲ್ಲಿ ಫಿಲಮನ್ನು ಹ್ಯಾಂಗರಿಗೆ ಸಿಕ್ಕಿಸಿ ತೊಟ್ಟಿಯಿಂದ ತೊಟ್ಟಿಗೆ ಅದ್ದಬೇಕು. ಏನೂ ಇಲ್ಲದ ಹಾಳೆಯ ಮೇಲೆ ಮನುಷ್ಯನ ಬೆನ್ನುಮೂಳೆ ಮೆಲ್ಲಗೆ ಮೂಡಿ ಬರುವುದನ್ನು ನೋಡುವುದಿದೆಯಲ್ಲ, ಅದು ನನಗೆ ಕೊನೆಯವರೆಗೂ ಹಳತಾಗಲಿಲ್ಲ. ನೀರು ತೊಟ್ಟಿಕ್ಕುವ ಫಿಲಂ ಹಿಡಿದು ಹೊರಗೆ ಬಂದರೆ ಕಾರಿಡಾರಿನ ಬೆಂಚಿನಲ್ಲಿ ಕೂತ ರೋಗಿ ತಟ್ಟನೆ ಎದ್ದು ನಿಲ್ಲುತ್ತಾನೆ. ಅವನ ಕಣ್ಣು ಫಿಲಂ ನೋಡುವುದಿಲ್ಲ, ನಮ್ಮ ಮುಖ ನೋಡುತ್ತದೆ.

ಆ ಗಳಿಗೆಗೆ ಚೇಟ್ಟನ್ನರದ್ದು ಒಂದೇ ಕಟ್ಟಳೆ. "ಎಡೋ ಶೇಖರಾ, ಫಿಲಂ ನನಞ್ಞಿರಿಕ್ಕುಂಬೋಳ್ ವಾಯ ಅಡಚ್ಚೇಕ್ಕಣಂ." ಫಿಲಂ ಒದ್ದೆಯಾಗಿರುವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದರ್ಥ. ಏನು ಕಾಣಿಸಿತು ಎಂದು ರೋಗಿ ಕೇಳಿದರೆ, ಡಾಕ್ಟರು ಹೇಳುತ್ತಾರೆ ಎನ್ನಬೇಕು. ಕೈ ಹಿಡಿದು ಕೇಳಿದರೂ ಅಷ್ಟೇ.

ನಾನು ಸೇರಿದ ಹೊಸತರಲ್ಲೇ ಆ ಕಟ್ಟಳೆ ಮುರಿದು ಪಾಠ ಕಲಿಯಬೇಕಿತ್ತು. ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊರುವ ಒಬ್ಬರು ಸೊಂಟ ನೋವೆಂದು ಬಂದಿದ್ದರು. ಫಿಲಂನಲ್ಲಿ ಬೆನ್ನುಮೂಳೆಯ ಪಕ್ಕ ಬೆಳ್ಳಗೆ ಒಂದು ಗಟ್ಟಿ ಕಂಡಿತು. ಅವರು ಕೇಳಿದರು, ನಾನು "ಏನೋ ಗಡ್ಡೆಯ ಹಾಗೆ ಕಾಣ್ತದೆ" ಎಂದುಬಿಟ್ಟೆ. ಆ ಮನುಷ್ಯ ಅಲ್ಲೇ ನೆಲಕ್ಕೆ ಕುಸಿದರು. ಚೇಟ್ಟನ್ ಓಡಿ ಬಂದು ಫಿಲಂ ನೋಡಿ, ಅವರ ಮುಂಡಿನ ಅಂಚು ಸರಿಸಿ ಉಡಿದಾರದಲ್ಲಿ ಕಟ್ಟಿದ್ದ ಬೆಳ್ಳಿಯ ತಾಯಿತ ತೋರಿಸಿದರು. ಅದನ್ನು ತೆಗೆಸದೆ ನಾನು ಚಿತ್ರ ಹಿಡಿದಿದ್ದೆ. ವಾರಗಟ್ಟಲೆ ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ "ಗಡ್ಡೆ ಡಾಕ್ಟರೇ" ಎಂದು ಕರೆದರು. ಅದರಿಂದ ನಾನು ಕಲಿತದ್ದು ತಾಯಿತ ತೆಗೆಸುವುದನ್ನು. ಬಾಯಿ ಮುಚ್ಚುವುದನ್ನು ಕಲಿಯಲಿಲ್ಲ.

ಅದಕ್ಕೆ ಕಾರಣ ಇತ್ತು. ಕಲೂರಿನ ಸುತ್ತಮುತ್ತ ಬ್ಯಾಂಕುಗಳಲ್ಲಿ, ಕೇಂದ್ರ ಸರಕಾರದ ಕಚೇರಿಗಳಲ್ಲಿ ಕರ್ನಾಟಕದಿಂದ ವರ್ಗವಾಗಿ ಬಂದವರು ತುಂಬ ಜನ ಇದ್ದರು. ಮಲಯಾಳ ಬಾರದು, ಮನೆಯವರು ದೂರ, ಮೈಯಲ್ಲಿ ನೋವು. ಅಂಥವರು ಆಸ್ಪತ್ರೆಗೆ ಬಂದಾಗ "ಈ ಕಡೆ ತಿರುಗಿ ಮಲಗಿ, ಹಾಂ, ಹಾಗೇ" ಎಂಬ ಕನ್ನಡ ಕೇಳಿದರೆ ಅವರ ಮುಖ ಅರಳುವುದನ್ನು ನೋಡಬೇಕು. ಹೊರಗೆ ಬಂದ ಮೇಲೆ ಫಿಲಂ ಹಿಡಿದು ನನ್ನನ್ನೇ ಕೇಳುತ್ತಿದ್ದರು. ಪದವಿ ಓದಿದವರು, ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂರುವವರು, ಹೈಸ್ಕೂಲಿಗೆ ನಿಂತ ನನ್ನೆದುರು ಮಕ್ಕಳಂತೆ ಕಾಯುತ್ತಿದ್ದರು. "ಶೇಖರಣ್ಣ ನೋಡಿದ್ರೆ ಸಾಕು, ಡಾಕ್ಟರು ಬರೀ ಸಹಿ ಹಾಕೋಕೆ" ಎಂದು ಅವರಲ್ಲೊಬ್ಬರು ತಮಾಷೆ ಮಾಡಿದರು. ನಾನು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ.

ಆ ಕಾಲದಲ್ಲಿ ಬೆನ್ನುನೋವಿಗೆ ಹಿರಿಯ ಡಾಕ್ಟರುಗಳು ಹೇಳುತ್ತಿದ್ದದ್ದು ಮಲಗಿ ಎಂದು. ಹಾಸಿಗೆಯ ಕೆಳಗೆ ಹಲಗೆ ಹಾಕಿಸುತ್ತಿದ್ದರು, ಸೊಂಟಕ್ಕೆ ಬೆಲ್ಟ್ ಕಟ್ಟಿಸುತ್ತಿದ್ದರು, ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಎಳೆದಿಡುತ್ತಿದ್ದರು. ಅದನ್ನೇ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿತ್ತು. ಆಮೇಲೆ ಹೊರಗೆಲ್ಲೋ ತರಬೇತಿ ಮುಗಿಸಿದ ಹೊಸ ಡಾಕ್ಟರೊಬ್ಬರು ಬಂದರು. ಅವರು ಎಲ್ಲರಿಗೂ ನಡೆಯಿರಿ, ಓಡಾಡಿ, ಕೆಲಸ ಬಿಡಬೇಡಿ ಎನ್ನುವರು. ಬೆಲ್ಟ್ ಕೇಳಿದವರಿಗೂ ಬರೆದುಕೊಡುತ್ತಿರಲಿಲ್ಲ. "ಪಾಪ, ಅನುಭವ ಸಾಲದು" ಎಂದು ನಾನು ಒಳಗೊಳಗೇ ಮರುಗುತ್ತಿದ್ದೆ. ನೋಡಿ, ನಾನು ಮರುಗಿದ್ದು ಯಾರಿಗೆ ಎಂದು.

ಪದ್ಮಜಾ ಮೇಡಂ ಬಂದದ್ದು ಆ ಡಾಕ್ಟರು ಬಂದ ಮೇಲೆ. ಮೈಸೂರಿನವರು, ಬ್ಯಾಂಕಿನ ಕೆಲಸ, ನಲವತ್ತು ದಾಟಿದ ಪ್ರಾಯ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಹೆಣ್ಣು ಮಗು ಅವರ ಸೊಂಟದ ಮೇಲಿತ್ತು. ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತ ಮಗು. ನನ್ನ ಕನ್ನಡ ಕೇಳಿ ಅವರಿಗೆ ನೋವೇ ಅರ್ಧ ಕಡಿಮೆಯಾದ ಹಾಗೆ ಕಂಡಿತು.

"ಅಣ್ಣಾ, ಇವಳನ್ನ ಎಲ್ಲಿ ಬಿಡ್ಲಿ? ಇಳಿಯೋದೇ ಇಲ್ಲ. ಹಲಸಿನ ಮೇಣದ ಥರ ಅಂಟ್ಕೊಂಡಿರ್ತಾಳೆ" ಎಂದರು.

"ಕೊಡಿ, ಅಪ್ಪನ ಹತ್ರ ಎರಡು ನಿಮಿಷ ಇರ್ತದೆ" ಎಂದು ಹೇಳಿ ಅವರ ಗಂಡನ ಕೈಗೆ ಕೊಡಿಸಿದೆ. ಚಿತ್ರ ಹಿಡಿದೆ. ಫಿಲಂ ತೊಳೆದು ಡಾಕ್ಟರ ಕೋಣೆಯ ದೀಪದ ಪೆಟ್ಟಿಗೆಗೆ ನಾನೇ ಸಿಕ್ಕಿಸಿದೆ. ಆದ್ದರಿಂದ ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಪೂರ್ತಿ ಬಿದ್ದಿದೆ. ಕೇಳಿಸಲಿಲ್ಲ ಎಂದು ನಾನು ತಪ್ಪಿಸಿಕೊಳ್ಳುವಂತಿಲ್ಲ. ಇದು ವಯಸ್ಸಿಗೆ ಸಹಜವಾದ ಬದಲಾವಣೆ, ಹೆದರುವಂಥದ್ದು ಏನೂ ಇಲ್ಲ, ಕೆಲವು ದಿನ ಮಾತ್ರೆ ತೆಗೆದುಕೊಳ್ಳಿ, ಮಲಗಿಬಿಡಬೇಡಿ, ನಡೆಯಿರಿ, ಮಗುವನ್ನೂ ಎತ್ತಿಕೊಳ್ಳಿ ಎಂದು ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು.

ಮೇಡಂ ಹೊರಗೆ ಬಂದು, ಫಿಲಮನ್ನು ಒಣಗಿಸಲು ಒಯ್ಯುತ್ತಿದ್ದ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಮಗು ಮತ್ತೆ ಅವರ ಸೊಂಟ ಏರಿತ್ತು.

"ಅಣ್ಣಾ, ಡಾಕ್ಟರು ಏನೋ ಸಮಾಧಾನ ಹೇಳಿದ್ರು. ಡಾಕ್ಟರುಗಳು ಹಾಗೇ ಅಲ್ವಾ, ಎದುರಿಗೆ ಹೇಳಲ್ಲ. ನೀವು ನಮ್ಮೋರು. ನಿಜ ಹೇಳಿ, ಬೆನ್ನು ಹೇಗಿದೆ?"

ನಾನು ಫಿಲಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರಿಂದ ಇನ್ನೂ ನೀರು ಇಳಿದು ನನ್ನ ಮೊಣಕೈವರೆಗೆ ಬರುತ್ತಿತ್ತು.

"ನೋಡಿ ಮೇಡಂ. ಮೇಲೆ ಮೂಳೆ ಮೂಳೆ ನಡುವೆ ಎಷ್ಟು ಜಾಗ ಉಂಟು? ಈಗ ಕೆಳಗೆ ಬನ್ನಿ. ಇಲ್ಲಿ ಎಂತ ಉಂಟು? ಡಿಸ್ಕ್ ಸವೆದಿದೆ. ಭಾರ ಬಿದ್ರೆ ಇನ್ನೂ ಕೂತ್ಕೊಳ್ತದೆ."

"ಡಾಕ್ಟರು ಓಡಾಡಿ ಅಂದ್ರಲ್ಲ?"

"ಅವರು ಹೊಸಬರು. ನಾನು ಇಲ್ಲಿ ಎಷ್ಟು ಬೆನ್ನು ನೋಡಿದ್ದೇನೆ."

"ಹಾಗಾದ್ರೆ ಮಗುನ ಎತ್ಕೋಬಹುದಾ?"

"ಎತ್ತಿದ್ರೆ ಮುಗೀತು ಮೇಡಂ. ಮತ್ತೆ ನಾಲ್ಕು ಜನ ಸೇರಿ ನಿಮ್ಮನ್ನು ಎತ್ತಬೇಕಾದೀತು."

ನಗಿಸಲೆಂದು ಹೇಳಿದ್ದು. ಅವರು ನಗಲಿಲ್ಲ. ಮಗುವಿನ ಬೆರಳುಗಳು ಅವರ ಸೆರಗನ್ನು ಹಿಡಿದಿದ್ದವು. ಒಂದೊಂದಾಗಿ ಬಿಡಿಸಿ, ಬಹಳ ಜಾಗ್ರತೆಯಿಂದ, ಮಗುವನ್ನು ಗಂಡನಿಗೆ ದಾಟಿಸಿದರು. ಮಗು ಎರಡೂ ಕೈ ಚಾಚಿ ಅಳಲು ಶುರು ಮಾಡಿತು. ನಾನು ಮುಂದಿನ ರೋಗಿಯ ಕ್ಯಾಸೆಟ್ ಹಿಡಿದು ಕತ್ತಲೆ ಕೋಣೆಗೆ ಹೋದೆ. ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಅಳು ಕೇಳಿಸುತ್ತಿತ್ತು.

ಮೂರು ವರ್ಷವಾದ ಮೇಲೆ ಅವರು ಇನ್ನೊಂದು ಫಿಲಂ ತೆಗೆಸಲು ಬಂದರು. ಸೊಂಟಕ್ಕೆ ಅಗಲವಾದ ಬೆಲ್ಟ್ ಇತ್ತು. ಬಗ್ಗುವುದನ್ನು ಬಿಟ್ಟಿದ್ದರು. ನೆಲಕ್ಕೆ ಬಿದ್ದ ಚೀಲವನ್ನು ಗಂಡ ಎತ್ತಿಕೊಟ್ಟರು. ಕಾಲುಗಳು ಸಣಕಲಾಗಿದ್ದವು. "ನೀವು ಅವತ್ತು ಹೇಳಿದ್ದಕ್ಕೆ ಬಚಾವಾದೆ ಅಣ್ಣಾ. ಅಂದಿನಿಂದ ಒಂದು ಕೊಡಪಾನ ಎತ್ತಿಲ್ಲ" ಎಂದರು. ನೋವು ಹೇಗಿದೆ ಎಂದು ಕೇಳಿದೆ. ಮೊದಲಿಗಿಂತ ಜಾಸ್ತಿ ಎಂದರು. ಇವೆರಡು ಮಾತು ಒಂದರ ಪಕ್ಕ ಒಂದು ಕೂರುವುದಿಲ್ಲ ಎಂದು ನನಗೆ ಆಗ ಹೊಳೆಯಲೇ ಇಲ್ಲ. ನೋವು ಹೆಚ್ಚಿದೆ ಎಂದರೆ ನಾನು ಹೇಳಿದ್ದೇ ಸರಿ ಎಂದುಕೊಂಡೆ.

ಜೊತೆಗೆ ಮಗಳೂ ಬಂದಿದ್ದಳು. ಎರಡು ಜುಟ್ಟು ಕಟ್ಟಿಕೊಂಡು ಕಾರಿಡಾರು ತುಂಬ ಓಡಾಡುತ್ತಿದ್ದಳು. ಅಮ್ಮ ಬೆಂಚಿನ ಮೇಲೆ ಕೂತದ್ದನ್ನು ನೋಡಿ ಓಡಿ ಬಂದು ತೊಡೆ ಏರಲು ಹೊರಟಳು. ನನ್ನ ಕೈಯಲ್ಲಿ ಕ್ಯಾಸೆಟ್ಟಿಗೆ ಗುರುತು ಹಾಕುವ ಪೆನ್ಸಿಲ್ ಇತ್ತು.

"ಏ ಪುಟ್ಟಿ, ಅಮ್ಮನ ಮೇಲೆ ಹತ್ತಬೇಡ. ನೀನು ಹತ್ತಿದ್ರೆ ಅಮ್ಮನ ಬೆನ್ನು ಎಂತ ಆಗ್ತದೆ ಗೊತ್ತುಂಟಾ?" ಎಂದು ಪೆನ್ಸಿಲನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ತೋರಿಸಿದೆ. ಅದು ಟಕ್ಕೆಂದು ಮುರಿಯಿತು. ಮುರಿಯುತ್ತದೆ ಎಂದು ನಾನೂ ಎಣಿಸಿರಲಿಲ್ಲ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಹುಡುಗಿ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಳು.

ನಾನು ಮುರಿದ ಪೆನ್ಸಿಲನ್ನು ಕಸದ ಬುಟ್ಟಿಗೆ ಹಾಕಿದೆ. ಹಾಕಿದ ಕೂಡಲೇ ಮರೆತೆ.

ಮುಂದೆ ಚೇಟ್ಟನ್ ನಿವೃತ್ತರಾದರು. ಕತ್ತಲೆ ಕೋಣೆ ಮುಚ್ಚಿ ಅಲ್ಲಿ ಬಿಲ್ಲಿನ ಕೌಂಟರು ಬಂತು. ಫಿಲಂ ಹೋಗಿ ಕಂಪ್ಯೂಟರಿನ ಪರದೆ ಬಂತು. ಇನ್ನು ಒದ್ದೆ ಫಿಲಂ ಇಲ್ಲ, ಬಾಯಿ ಮುಚ್ಚುವ ಕಾರಣವೂ ಇಲ್ಲ ಎಂದು ನಾವು ಕೆಲವರು ನಗುತ್ತಿದ್ದೆವು. ಅದೇ ಆಡಳಿತದವರು ತಿರುವನಂತಪುರದಲ್ಲಿ, ಕಳಕ್ಕೂಟದ ಹತ್ತಿರ, ದೊಡ್ಡದೊಂದು ಆಸ್ಪತ್ರೆ ತೆರೆದಾಗ ನನ್ನನ್ನು ಅಲ್ಲಿಗೆ ಕಳಿಸಿದರು. ಅಲ್ಲಿ ಐಟಿ ಪಾರ್ಕಿನ ಹುಡುಗ ಹುಡುಗಿಯರು ಇಪ್ಪತ್ತೈದರ ಪ್ರಾಯದಲ್ಲೇ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ತಮ್ಮ ಬೆನ್ನಿನ ಚಿತ್ರವನ್ನು ಮೊಬೈಲಿನಲ್ಲೇ ಇಟ್ಟುಕೊಂಡು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನಾನು ಅವರಿಗೂ ಬಗ್ಗಬೇಡಿ, ಎತ್ತಬೇಡಿ ಎಂದು ಬುದ್ಧಿ ಹೇಳುತ್ತಿದ್ದೆ.

ಆ ಆಸ್ಪತ್ರೆಗೆ ಎಂಆರ್‌ಐ ಯಂತ್ರ ಬಂದಾಗ ನಡೆದದ್ದನ್ನು ಈಗ ಹೇಳಬೇಕು. ಹೊಸ ಯಂತ್ರ ಕೂರಿಸಿದ ಮೇಲೆ ರೋಗಿಗಳಿಗಿಂತ ಮೊದಲು ಸಿಬ್ಬಂದಿಯೇ ಒಳಗೆ ಮಲಗುವುದು ಅಲ್ಲಿನ ರೂಢಿ. ಚಿತ್ರ ಸ್ಪಷ್ಟವಾಗಿ ಬರುತ್ತಿದೆಯೇ ಎಂದು ಕಂಪೆನಿಯ ಎಂಜಿನಿಯರು ನೋಡಬೇಕು. ಅದಕ್ಕೊಂದು ಮೈ ಬೇಕು. ನಾನು ಮುಂದೆ ಹೋದೆ. ಜೀವನವಿಡೀ ಕ್ಯಾಸೆಟ್ ಹೊತ್ತು, ಸ್ಟ್ರೆಚರ್ ತಳ್ಳಿ, ಬೆನ್ನುನೋವೆಂದು ಒಂದು ದಿನ ರಜೆ ಹಾಕದವನು ನಾನು. "ನನ್ನದು ತೆಗೀರಿ. ಒಳ್ಳೆ ಬೆನ್ನು ಹೇಗಿರ್ತದೆ ಅಂತ ಎಲ್ಲರೂ ನೋಡ್ಲಿ" ಎಂದು ಮಲಯಾಳದಲ್ಲಿ ಜಂಭ ಕೊಚ್ಚಿದೆ.

ಹೊರಗೆ ಬಂದು ಪರದೆ ನೋಡಿದೆ. ಕೆಳಗಿನ ಡಿಸ್ಕುಗಳು ಕಪ್ಪಗೆ ಒಣಗಿದ್ದವು. ಒಂದು ಹಿಂದಕ್ಕೆ ಉಬ್ಬಿತ್ತು. ಮೂಳೆಗಳ ಅಂಚು ಮುಳ್ಳುಮುಳ್ಳಾಗಿತ್ತು.

"ಇದು ಯಾರದ್ದು ಡಾಕ್ಟರೇ?" ಎಂದು ಕೇಳಿದೆ.

ರೇಡಿಯಾಲಜಿಯ ಡಾಕ್ಟರು ಅನುಪಮಾ, ನನ್ನ ಮಗಳ ಪ್ರಾಯದವರು, ಪರದೆಯ ಮೂಲೆಯಲ್ಲಿದ್ದ ಹೆಸರನ್ನು ಬೆರಳಿನಿಂದ ತೋರಿಸಿದರು. ನನ್ನ ಹೆಸರು. ಇನ್ನೊಬ್ಬರದಾಗಿದ್ದರೆ ನಾನು ಆ ಚಿತ್ರ ನೋಡಿ, ಇವರನ್ನು ಹಾಸಿಗೆಯಿಂದ ಏಳಗೊಡಬೇಡಿ ಎನ್ನುತ್ತಿದ್ದೆ.

ನನ್ನ ಮುಖ ನೋಡಿ ಅವರಿಗೆ ನಗು ಬಂತು. "ಚೇಟ್ಟಾ, ಇದು ಚೇಟ್ಟಂಡೆ ಕಷಂಡಿ ಪೋಲೆಯೇ ಉಳ್ಳೂ." ಇದು ನಿಮ್ಮ ಬೋಳುತಲೆಯ ಹಾಗೆ, ಅಷ್ಟೇ ಎಂದರು. ವಯಸ್ಸಾದ ಹಾಗೆ ಡಿಸ್ಕಿನ ನೀರು ಕಡಿಮೆಯಾಗುತ್ತದೆ, ಅದು ತೆಳ್ಳಗಾಗುತ್ತದೆ. ನೋವೇ ಇಲ್ಲದ ಎಷ್ಟೋ ಜನರ ಬೆನ್ನು ಹೀಗೆಯೇ ಇರುತ್ತದೆ. ನೋವಿದ್ದವರಿಗೂ ಹೆಚ್ಚಿನವರಿಗೆ ಮೈ ಆಡಿಸುವುದೇ ಒಳ್ಳೆಯದು, ಮಲಗಿದಷ್ಟೂ ಸ್ನಾಯು ಸೋಲುತ್ತದೆ. ಕಾಲು ಸೋತು ಬೀಳುವುದು, ತೊಡೆಯ ಸಂದಿಯಲ್ಲಿ ಸ್ಪರ್ಶವೇ ತಿಳಿಯದಿರುವುದು, ಮೂತ್ರದ ಹಿಡಿತ ತಪ್ಪುವುದು, ಬಿದ್ದು ಪೆಟ್ಟಾದದ್ದು, ನೋವಿನ ಜೊತೆ ಜ್ವರ, ಇವು ಬೇರೆ. ಅಂಥವರನ್ನು ಒಂದು ಗಳಿಗೆ ತಡಮಾಡದೆ ಡಾಕ್ಟರ ಬಳಿ ಕರೆದೊಯ್ಯಬೇಕು. ಇದನ್ನೆಲ್ಲ ಅವರು ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ.

ಇಷ್ಟು ಕೇಳಿಯೂ ಏನಾಯಿತು ಗೊತ್ತೇ? ಮರುದಿನ ಬೆಳಿಗ್ಗೆ ನನಗೆ ಬೆನ್ನುನೋವು ಬಂತು. ಜೀವಮಾನದಲ್ಲಿ ಇಲ್ಲದ್ದು. ಮಂಚದಿಂದ ಏಳಲು ಹೆಂಡತಿಯ ಕೈ ಹಿಡಿದೆ. ಬಸ್ಸಿನಲ್ಲಿ ಹಳ್ಳ ಬಂದಾಗಲೆಲ್ಲ ಸೀಟಿನ ಸರಳು ಹಿಡಿದು ಅರ್ಧ ಎದ್ದು ನಿಂತೆ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಲು ಇನ್ನೊಬ್ಬನನ್ನು ಕರೆದೆ. ಅನುಪಮಾ ಡಾಕ್ಟರು ನೋಡಿದರು.

"ನಿನ್ನೆವರೆಗೆ ಇದನ್ನೇ ತಳ್ಳುತ್ತಿದ್ದಿರಿ. ಒಂದೇ ದಿನದಲ್ಲಿ ಬೆನ್ನು ಬೇರೆ ಹಾಕಿಸಿಕೊಂಡಿರಾ?" ಎಂದರು. ಎಲ್ಲರೆದುರು ನನ್ನ ಕೈಯಲ್ಲೇ ತಳ್ಳಿಸಿದರು.

ಕೆಲವೇ ದಿನದಲ್ಲಿ ನೋವು ಹೋಯಿತು. ಆದರೆ ಅದು ಹೋದ ದಾರಿಯಲ್ಲಿ ಇನ್ನೊಂದು ಬಂತು. ಒಂದು ಚಿತ್ರ ನೋಡಿದ ಮಾತ್ರಕ್ಕೆ, ಒಳಗಿನದು ಗೊತ್ತಿರುವ ನಾನೇ ಹೀಗೆ ಗೋಡೆ ಹಿಡಿದು ನಡೆದರೆ, ಕಿಟಕಿಯ ಬೆಳಕಿಗೆ ಫಿಲಂ ಹಿಡಿದು ನಾನು ಹೆದರಿಸಿದವರೆಲ್ಲ ಏನಾಗಿರಬೇಡ? ಮುಖಗಳು ನೆನಪಾಗತೊಡಗಿದವು. ಮೊದಲು ನೆನಪಾದದ್ದು ಸೆರಗಿನಿಂದ ಮಗುವಿನ ಬೆರಳು ಬಿಡಿಸುತ್ತಿದ್ದ ಪದ್ಮಜಾ ಮೇಡಂ.

ಅವರನ್ನು ನಾನು ಹುಡುಕಬೇಕಾಗಲಿಲ್ಲ. ಬ್ಯಾಂಕು ಅವರನ್ನು ತಿರುವನಂತಪುರಕ್ಕೆ ವರ್ಗ ಮಾಡಿತ್ತು. ಕಳಕ್ಕೂಟದಲ್ಲೇ ಫ್ಲ್ಯಾಟಿನಲ್ಲಿದ್ದರು. ಒಂದು ದಿನ ಗಂಡನ ತೋಳು ಹಿಡಿದು ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿ ಕೆಲವೇ ವರ್ಷ ಆಗಿರಬೇಕು. ಕೈಯಲ್ಲಿ ಕೋಲಿತ್ತು. ನೋವಿನಿಂದಾಗಿ ಸ್ವಯಂ ನಿವೃತ್ತಿಗೆ ಅರ್ಜಿ ಹಾಕಬೇಕೆಂದಿದ್ದರಂತೆ.

"ಅಯ್ಯೋ ಶೇಖರಣ್ಣ, ನೀವಿಲ್ಲಿದೀರಾ?" ಎಂದ ಮೇಡಂ, ಅನುಪಮಾ ಅವರತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು, "ನನ್ನ ಬೆನ್ನನ್ನು ಇಷ್ಟು ವರ್ಷ ಉಳಿಸಿದವರು ಇವರೇ. ಇವರು ಹೇಳಿದ ಮೇಲೆ ನಾನು ಮಗಳನ್ನು ಕೂಡ ಎತ್ತಿಲ್ಲ."

ಅನುಪಮಾ ನನ್ನತ್ತ ನೋಡಿದರು. ನಾನು ಯಂತ್ರದ ಕಡೆಗೆ ತಿರುಗಿಕೊಂಡೆ.

ಚಿತ್ರ ಬಂತು. ಅವರ ಬೆನ್ನು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಕೋಲು ಹಿಡಿಯಬೇಕಾದವನು ನಾನು. ಸವೆದದ್ದು ಅವರ ಡಿಸ್ಕಲ್ಲ, ಬೆನ್ನನ್ನು ಹಿಡಿದು ನಿಲ್ಲಿಸುವ ಸ್ನಾಯು. ಬಳಸದೆ ಬಿಟ್ಟದ್ದರಿಂದ ಸವೆದಿತ್ತು.

ವ್ಯಾಯಾಮ ಮಾಡಬೇಕು, ನಡೆಯಬೇಕು ಎಂದು ಡಾಕ್ಟರು ಹೇಳಿದರೆ ಮೇಡಂ ಒಪ್ಪಲಿಲ್ಲ. "ಶೇಖರಣ್ಣನ್ನ ಕೇಳಿ" ಎಂದರು. ಅನುಪಮಾ ನನ್ನನ್ನು ಪಕ್ಕಕ್ಕೆ ಕರೆದು ತಣ್ಣಗೆ ಹೇಳಿದರು: "ಭಯ ಹಾಕಿದವರೇ ತೆಗೆಯಬೇಕು. ಹೋಗಿ."

ಅದು ನನಗೆ ಸಿಕ್ಕ ಅವಕಾಶ. ನಾನು ಏನು ಹೇಳಿದೆ ಎಂದರೆ, "ಮೇಡಂ, ಆಗಿನ ಕಾಲ ಬೇರೆ. ಈಗ ಹೊಸ ಪದ್ಧತಿ ಬಂದಿದೆ. ಈಗ ನಡೀಬೇಕು ಅಂತ ಹೇಳ್ತಾರೆ."

ಆಗಿನ ಕಾಲ ಬೇರೆ ಇರಲಿಲ್ಲ. ಅವತ್ತೇ ಒಬ್ಬ ಡಾಕ್ಟರು ಸರಿಯಾಗಿ ಹೇಳಿದ್ದರು. ಅದನ್ನು ಅಳಿಸಿದವನು ನಾನು. ಆದರೂ ಮೇಡಂ ನನ್ನ ಮಾತು ನಂಬಿದರು. ಮತ್ತೊಮ್ಮೆ.

ಮೊದಮೊದಲು ಕಾರಿಡಾರಿನಲ್ಲಿ ಗೋಡೆಯ ಪಕ್ಕ ನಡೆದರು. ಕುರ್ಚಿಯಿಂದ ಕೈಯೂರದೆ ಏಳುವುದು, ಮತ್ತೆ ಕೂರುವುದು. ಫಿಸಿಯೋಥೆರಪಿಯವರು ಬಟ್ಟೆಯ ಚೀಲದಲ್ಲಿ ಒಂದು ತೆಂಗಿನಕಾಯಿ ಹಾಕಿ ನೆಲದಿಂದ ಎತ್ತಿಸಿದ ದಿನ ಮೇಡಂ ಗಡಗಡ ನಡುಗಿದ್ದನ್ನು ನಾನು ಬಾಗಿಲ ಸಂದಿನಿಂದ ನೋಡಿದೆ. ಎತ್ತಿದರು. ಏನೂ ಮುರಿಯಲಿಲ್ಲ. ಮುಂದೆ ಚೀಲದಲ್ಲಿ ಕಾಯಿಗಳು ಹೆಚ್ಚಾದವು. ಬೆಲ್ಟ್ ಹೋಯಿತು, ಆಮೇಲೆ ಕೋಲು. ನೋವು ಪೂರ್ತಿ ಹೋಗಲಿಲ್ಲ, ಈಗಲೂ ಹೋಗಿಲ್ಲ. ಹೆಚ್ಚಾದ ದಿನ ಸ್ವಲ್ಪ ಕಡಿಮೆ ನಡೆಯುತ್ತಾರೆ, ನಿಲ್ಲಿಸುವುದಿಲ್ಲ. ನಿವೃತ್ತಿಯ ಅರ್ಜಿ ಹಾಕಲಿಲ್ಲ. ಭಾನುವಾರಗಳಂದು ಗಂಡನ ಜೊತೆ ಹತ್ತಿರದ ತುಂಬಾ ಎಂಬ ಊರಿನ ಕಡಲ ದಂಡೆಗೆ ಹೋಗಿ, ಬಲೆ ಎಳೆಯುವವರನ್ನು ನೋಡುತ್ತ ಮರಳಿನಲ್ಲಿ ನಡೆಯುತ್ತಾರೆ.

"ಇದೂ ನಿಮ್ಮ ಕೃಪೆನೇ ಕಣಣ್ಣ" ಎಂದು ಮೈಸೂರುಪಾಕಿನ ಡಬ್ಬಿ ತಂದುಕೊಟ್ಟರು. ಅದನ್ನೂ ತೆಗೆದುಕೊಂಡೆ.

ನಿವೃತ್ತನಾದ ಮೇಲೆ ಬೆಳಿಗ್ಗೆ ನಡೆಯಲು ಹೋಗುತ್ತೇನೆ. ನನ್ನ ಬೆನ್ನು ಈಗ ಆಗಾಗ ನಿಜವಾಗಿಯೂ ನೋಯುತ್ತದೆ, ನಡೆದರೆ ಹಗುರಾಗುತ್ತದೆ. ಹಾಗೆ ನಡೆಯುವಾಗಲೆಲ್ಲ ಆ ಡಬ್ಬಿ ನೆನಪಾಗುತ್ತಿತ್ತು. ಕೊನೆಗೆ ಕಳೆದ ವರ್ಷ ಒಂದು ಸಂಜೆ ಅವರ ಫ್ಲ್ಯಾಟಿಗೆ ಹೋದೆ. ಮೇಡಂ ಊಟದ ಮೇಜಿನಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಡಾಕ್ಟರು ಸರಿಯಾಗಿಯೇ ಹೇಳಿದ್ದರು, ನಾನು ದೊಡ್ಡವನಾಗಲು ಹೋಗಿ ಬೇರೆ ಹೇಳಿದೆ, ಆಮೇಲೆ ಹೊಸ ಪದ್ಧತಿ ಎಂದು ಸುಳ್ಳು ಹೇಳಿದೆ, ಕ್ಷಮಿಸಿ ಎಂದೆ.

ಚಾಕು ನಿಂತಿತು.

"ಅಂದ್ರೆ ಅವತ್ತೇ ಎತ್ಕೋಬಹುದಿತ್ತಾ ಅವಳನ್ನ?"

"ಎತ್ತಿಕೊಳ್ಳಬಹುದಿತ್ತು ಮೇಡಂ."

ಅವರು ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯುವ ಸದ್ದು ಕೇಳಿಸಿತು. ಕಾಫಿ ತಂದಿಟ್ಟರು. ಮುಖ ತೊಳೆದಿದ್ದರು.

"ಕುಡೀರಿ, ಆರುತ್ತೆ" ಎಂದರು. 'ಅಣ್ಣ' ಎನ್ನಲಿಲ್ಲ. ಆಮೇಲೆ ಹೇಳಿದರು, "ನನ್ನದು ಬಿಡಿ. ನಾನು ದೊಡ್ಡವಳು, ಇಂಗ್ಲಿಷ್ ಬರ್ತಿತ್ತು, ಡಾಕ್ಟರ ಮಾತು ನಂಬಬಹುದಿತ್ತು. ಅವಳಿಗೇನು ಹೇಳ್ತೀರಿ?"

"ಅವಳಿಗಾ?"

"ಪೆನ್ಸಿಲ್ ಮುರಿದು ತೋರಿಸಿದ್ರಲ್ಲ, ಮರೆತೋಯ್ತಾ? ಅವತ್ತಿಂದ ಅವಳು ನನ್ನ ಹತ್ರ ಬರುವಾಗ ಕೈ ಹಿಂದೆ ಕಟ್ಕೊಂಡು ಬರ್ತಿದ್ಲು. ಬಿದ್ರೂ ಅಳ್ತಿರಲಿಲ್ಲ, ಎಲ್ಲಿ ನಾನು ಎತ್ತೋಕೆ ಬಂದುಬಿಡ್ತೀನೋ ಅಂತ. ಸ್ಕೂಲಲ್ಲಿ ಟೀಚರ್ ಹತ್ರ ಹೇಳಿದಾಳೆ, ಅಮ್ಮನ ಬೆನ್ನು ನಾನೇ ಮುರಿದದ್ದು ಅಂತ. ಹೈಸ್ಕೂಲಿಗೆ ಬರೋವರೆಗೂ ಅದನ್ನೇ ನಂಬಿದ್ಲು. ಈಗಲೂ ಯಾರನ್ನೂ ತಬ್ಬಿಕೊಳ್ಳಲ್ಲ ಅವಳು. ಅಭ್ಯಾಸ ತಪ್ಪಿಹೋಗಿದೆ."

ಅಷ್ಟು ವರ್ಷ ನನ್ನ ಮನಸ್ಸನ್ನು ತಿಂದದ್ದು ಫಿಲಂ ಹಿಡಿದು ಆಡಿದ ಮಾತು. ಪೆನ್ಸಿಲಿನದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಗಳು ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದಳು. ಐಟಿ ಪಾರ್ಕಿನ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು.

"ಅಮ್ಮೇ, ಆರಾ ವನ್ನೇ?" ಎಂದು ಮಲಯಾಳದಲ್ಲಿ ಯಾರು ಬಂದದ್ದೆಂದು ಕೇಳಿದಳು. ನನ್ನನ್ನು ನೋಡಿ ಒಂದು ಕ್ಷಣ ನಿಂತಳು. "ಓ. ಎಕ್ಸ್‌ರೇ ಅಂಕಲ್."

ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತೆ. ಹೇಳಲೆಂದೇ ಎದ್ದದ್ದು. ಬಾಯಿ ತೆರೆದರೆ ಬಂದ ಮಾತು, "ಬಸ್ಸಿಗೆ ಹೊತ್ತಾಯ್ತು, ಬರ್ತೇನೆ ಆಯ್ತಾ."

ಅವಳು ದಾರಿ ಬಿಡಲು ಪಕ್ಕಕ್ಕೆ ಸರಿದಳು. ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒತ್ತಿ ನಿಂತಳು.

ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮ್ಮ ಪರದೆಯಿಂದ ನೀರು ತೊಟ್ಟಿಕ್ಕುವುದಿಲ್ಲ. ಆದರೂ ಅದನ್ನು ಒದ್ದೆ ಎಂದೇ ತಿಳಿಯಿರಿ. ಬೆಂಚಿನಿಂದ ಎದ್ದು ನಿಲ್ಲುವವರು ನಿಮ್ಮ ಮುಖವನ್ನೇ ನೋಡುತ್ತಾರೆ. ಅವರ ಜೊತೆ ಬಂದಿರುವ ಸಣ್ಣವರೂ ನೋಡುತ್ತಾರೆ. ಡಾಕ್ಟರು ನಡೆಯಿರಿ ಎಂದದ್ದನ್ನು ಅವರು ನಂಬದೆ ನಿಮ್ಮನ್ನು ಕೇಳಿದರೆ, ಅವರ ಭಾಷೆಯಲ್ಲಿ ಅಷ್ಟನ್ನೇ ಮತ್ತೊಮ್ಮೆ ಹೇಳಿ. ನಿಮ್ಮದನ್ನು ಸೇರಿಸಬೇಡಿ.

ಆ ಸಂಜೆಯ ನಂತರ ನಾನು ಆ ಮನೆಗೆ ಹೋಗಿಲ್ಲ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಹಾಗಾಗಿ ಇದನ್ನು ಬರೆದು ಮುಗಿಸಿದ ಮಾತ್ರಕ್ಕೆ ಅವಳಿಗೆ ಹೇಳಿದಂತಾಗುವುದಿಲ್ಲ. ಇಷ್ಟು ಹೊತ್ತೂ ನಾನು ಅವಳನ್ನು ಮಗು, ಹುಡುಗಿ, ಮಗಳು ಎಂದೇ ಬರೆದುಕೊಂಡು ಬಂದೆ. ಅವಳ ಹೆಸರು ಸಿಂಚನ.